ಹಡಗಿನಲ್ಲಿ ಬಂದವರು, ವಿಮಾನದಲ್ಲಿ ಬಂದವರು

ಪ್ರಶ್ನೆ: ನನ್ನ ಮಗ ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾನೆ. ಪಕ್ಕದ ಮನೆಯವರು ನೈಜೀರಿಯಾದಿಂದ ಬಂದವರು, ಗಂಡ ಹೆಂಡತಿ ಇಬ್ಬರೂ ಡಾಕ್ಟರು. ನಾವು ಅಲ್ಲಿಗೆ ಹೋಗಿದ್ದಾಗ ಆಕೆ ಮಾತಿನ ನಡುವೆ "ನಾವು ಇಲ್ಲಿನ ಕಪ್ಪು ಜನರಲ್ಲ" ಎಂದರು. ಹೈಸ್ಕೂಲಿನಲ್ಲಿ ಓದುವ ಅವರ ಮಗಳು ಥಟ್ಟನೆ "ನಾನಂತೂ ಹೌದು" ಎಂದಳು. ಒಬಾಮ, ಕಮಲಾ ಹ್ಯಾರಿಸ್ ವಿಷಯದಲ್ಲೂ ಇಂಥದೇ ತಕರಾರು ಕೇಳಿದ್ದೇನೆ. ಬಣ್ಣ ಒಂದೇ ಆಗಿರುವಾಗ ಈ ಜಗಳ ಯಾತಕ್ಕೆ? ತಾಯಿ ಹೇಳಿದ್ದು ಸರಿಯೋ, ಮಗಳು ಹೇಳಿದ್ದು ಸರಿಯೋ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಬರುತ್ತೇನೆ. ತಾಯಿ ಆಡಿದ್ದು ತಾನು ಬಿಟ್ಟುಬಂದ ಊರಿನ ಮಾತು, ಮಗಳು ಆಡಿದ್ದು ತಾನು ಬೆಳೆಯುತ್ತಿರುವ ಊರಿನ ಮಾತು. ಇಬ್ಬರೂ ಸುಳ್ಳು ಹೇಳಿಲ್ಲ. ಆದರೂ ಒಂದು ಕಡೆ ನಿಲ್ಲಲೇಬೇಕು ಎಂದರೆ ನಾನು ಮಗಳ ಕಡೆ ನಿಲ್ಲುತ್ತೇನೆ. ಯಾಕೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಲಾಗೋಸ್‌ನಲ್ಲಿ ಹುಟ್ಟಿ ಬೆಳೆದವರಿಗೆ ತಾವು ಕಪ್ಪು ಎಂಬುದು ದಿನಬೆಳಗಾದರೆ ನೆನಪಾಗುವ ಸಂಗತಿಯೇ ಅಲ್ಲ. ಅಲ್ಲಿ ಡಾಕ್ಟರೂ ಕಪ್ಪು, ಪೊಲೀಸನೂ ಕಪ್ಪು, ಕಳ್ಳನೂ ಕಪ್ಪು, ಮಂತ್ರಿಯೂ ಕಪ್ಪು. ನೀವು ಯಾರು ಎಂದು ಕೇಳಿದರೆ ಇಗ್ಬೋ, ಯೊರುಬಾ, ಹೌಸಾ ಎಂದೋ, ಇಂಥ ಊರಿನವರು, ಇಂಥ ಚರ್ಚಿನವರು ಎಂದೋ ಉತ್ತರ ಬರುತ್ತದೆ. ಅದೇ ಮನುಷ್ಯ ಅಮೆರಿಕದಲ್ಲಿ ಇಳಿದ ದಿನವೇ ಇವೆಲ್ಲ ಹಿಂದೆ ಸರಿದು, ಅವನು ಕೇಳದೆಯೇ ಅವನಿಗೊಂದು ಹೊಸ ಗುರುತು ಅಂಟಿಕೊಳ್ಳುತ್ತದೆ. ಚಿಮಮಾಂಡ ಎನ್‌ಗೋಝಿ ಅಡಿಚಿ ಅವರ 2013ರ ಕಾದಂಬರಿ 'ಅಮೆರಿಕಾನಾ'ದ ನಾಯಕಿ ಇಫೆಮೆಲು ಅನುಭವಿಸುವುದು ಇದನ್ನೇ. ನೈಜೀರಿಯಾದಲ್ಲಿ ಇರುವಷ್ಟು ಕಾಲ ಅವಳು ಕಪ್ಪು ಹುಡುಗಿ ಆಗಿರಲಿಲ್ಲ, ಅಮೆರಿಕಕ್ಕೆ ಬಂದು ಆದಳು.

ಆ ಗುರುತನ್ನು ಅಮೆರಿಕ ಕಾನೂನು ಮಾಡಿ, ಚಾಟಿ ಬೀಸಿ ಕಟ್ಟಿದೆ. 1619ರಲ್ಲಿ ವರ್ಜೀನಿಯಾದ ತೀರಕ್ಕೆ ಬಂದ ಹಡಗಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರಿದ್ದರು. ಹೊರಗಿನಿಂದ ಗುಲಾಮರನ್ನು ತರುವುದನ್ನು ಅಮೆರಿಕ 1808ರಲ್ಲಿ ನಿಷೇಧಿಸಿತು. ಹಾಗಾಗಿ ಗುಲಾಮಗಿರಿಯ ಸಂತತಿಯ ಕುಟುಂಬಗಳಲ್ಲಿ ಬಹುಪಾಲು ಆ ನೆಲದಲ್ಲಿ ಇನ್ನೂರು ವರ್ಷಕ್ಕೂ ಹಳೆಯವು, ಇಟಲಿ, ಪೋಲೆಂಡ್, ರಷ್ಯಾಗಳಿಂದ ಬಂದ ಎಷ್ಟೋ ಬಿಳಿಯರ ಮನೆತನಗಳಿಗಿಂತ ಹಳೆಯವು. ಆದರೆ ಅಜ್ಜನ ಅಜ್ಜನ ಊರು ಯಾವುದು, ಭಾಷೆ ಯಾವುದು, ಕುಲದೈವ ಯಾವುದು ಎಂದು ಹೇಳಬಲ್ಲವರು ಅವರಲ್ಲಿ ವಿರಳ. ಹೆಸರುಗಳನ್ನು ಯಜಮಾನರು ಅಳಿಸಿದರು, ಮಕ್ಕಳನ್ನು ಬೇರೆ ಬೇರೆ ಮಾರುಕಟ್ಟೆಗಳಲ್ಲಿ ಮಾರಿದರು. ಕಪ್ಪು ಎಂಬುದು ಅವರ ಪಾಲಿಗೆ ಮೈಬಣ್ಣದ ಹೆಸರಾಗಿ ಉಳಿಯಲಿಲ್ಲ. ಹೀಗೆ ಎಲ್ಲವನ್ನೂ ಕಳೆದುಕೊಂಡವರು ಒಟ್ಟಿಗೆ ಸೇರಿ ಚರ್ಚು, ಹಾಡು, ಅಡುಗೆ, ಹೋರಾಟ ಎಲ್ಲವನ್ನೂ ಮತ್ತೆ ಕಟ್ಟಿಕೊಂಡದ್ದಕ್ಕೆ ಆ ಹೆಸರು. ನೈಜೀರಿಯಾದ ತಾಯಿಗೆ ಊರಿದೆ, ಭಾಷೆಯಿದೆ, ತವರಿದೆ. "ನಾವು ಇಲ್ಲಿನ ಕಪ್ಪು ಜನರಲ್ಲ" ಎಂದಾಗ ಆಕೆ ಹೇಳಿದ ನಿಜ ಇದು.

ಕಾನೂನಿನ ಕಡೆಯಿಂದ ನೋಡಿದರೆ ವಲಸೆಯ ಕಥೆಗೂ ಕಪ್ಪು ಜನರ ಕಥೆಗೂ ಗಂಟು ಬಿದ್ದದ್ದು ದೇಶ ಹುಟ್ಟಿದ ಹೊಸದರಲ್ಲೇ. ಹೊರಗಿನಿಂದ ಬಂದವರಲ್ಲಿ ಪೌರತ್ವ ಪಡೆಯಬಲ್ಲವರು 'ಸ್ವತಂತ್ರ ಬಿಳಿಯರು' ಮಾತ್ರ ಎಂದು 1790ರ ಕಾಯ್ದೆ ಹೇಳಿತು. 1857ರ ಡ್ರೆಡ್ ಸ್ಕಾಟ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಆಫ್ರಿಕನ್ ಮೂಲದವರು ಅಲ್ಲಿಯೇ ಹುಟ್ಟಿದ್ದರೂ ಅಮೆರಿಕದ ಪ್ರಜೆಗಳಾಗಲಾರರು ಎಂದಿತು. ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋದ ಮೇಲೆ, 1868ರಲ್ಲಿ ಸಂವಿಧಾನಕ್ಕೆ 14ನೇ ತಿದ್ದುಪಡಿ ಸೇರಿ, ಆ ನೆಲದಲ್ಲಿ ಹುಟ್ಟಿದವರು ಪ್ರಜೆಗಳೇ ಎಂದಾಯಿತು. ಎರಡು ವರ್ಷದ ನಂತರ ಸೆನೆಟರ್ ಚಾರ್ಲ್ಸ್ ಸಮ್ನರ್ ಪೌರತ್ವ ಕಾಯ್ದೆಯಿಂದ 'ಬಿಳಿಯ' ಎಂಬ ಷರತ್ತನ್ನೇ ಕಿತ್ತುಹಾಕಲು ಹೊರಟರು. ಹಾಗೆ ಮಾಡಿದರೆ ಚೀನೀಯರೂ ಪ್ರಜೆಗಳಾಗಿಬಿಡುತ್ತಾರೆ ಎಂಬ ಭಯದಿಂದ ಸೆನೆಟ್ ಒಪ್ಪಲಿಲ್ಲ. ಕೊನೆಗೆ 1870ರಲ್ಲಿ ಆಫ್ರಿಕನ್ ಮೂಲದವರನ್ನು ಪಟ್ಟಿಗೆ ಸೇರಿಸಿ ಅಷ್ಟಕ್ಕೇ ಕೈತೊಳೆದುಕೊಂಡರು. ಆ ನಡುವಿನ ಜಾಗದಲ್ಲಿ ಸಿಕ್ಕಿಬಿದ್ದವರು ನಮ್ಮವರೇ: ಅಮೆರಿಕದ ಸೈನ್ಯದಲ್ಲಿ ಸೇವೆ ಮಾಡಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರಿಗೆ 1923ರಲ್ಲಿ ಸುಪ್ರೀಂ ಕೋರ್ಟು, ನೀವು ಬಿಳಿಯರಲ್ಲ, ಪ್ರಜೆಯಾಗುವಂತಿಲ್ಲ ಎಂದು ಹೇಳಿತು.

ನನ್ನನ್ನು ಅತಿ ಹೆಚ್ಚು ಕಾಡುವ ಕಾಯ್ದೆ ಮಾತ್ರ 1924ರದು. ಯಾವ ದೇಶದಿಂದ ವರ್ಷಕ್ಕೆ ಎಷ್ಟು ಜನ ಬರಬಹುದು ಎಂದು ಕೋಟಾ ಹಾಕಿದ ಕಾನೂನು ಅದು. ಕೋಟಾ ಲೆಕ್ಕ ಹಾಕಲು ಒಂದು ಸೂತ್ರ ಮಾಡಿದರು: 1920ರಲ್ಲಿ ಅಮೆರಿಕದಲ್ಲಿದ್ದ ಜನರ ಮೂಲ ಯಾವ ಯಾವ ದೇಶ ಎಂದು ಎಣಿಸುವುದು, ಆ ಪ್ರಮಾಣದಲ್ಲಿ ಹೊಸಬರನ್ನು ಬಿಡುವುದು. ಹಾಗೆ ಎಣಿಸಿದ್ದರೆ ಆಫ್ರಿಕಕ್ಕೆ ದೊಡ್ಡ ಪಾಲು ಸಿಗಬೇಕಾಗಿತ್ತು, ಏಕೆಂದರೆ ಆಗ ದೇಶದ ಹೆಚ್ಚುಕಡಿಮೆ ಹತ್ತರಲ್ಲೊಬ್ಬರು ಆಫ್ರಿಕನ್ ಮೂಲದವರು. ಅದನ್ನು ತಪ್ಪಿಸಲೆಂದೇ, ಎಣಿಕೆಯಿಂದ ಗುಲಾಮರ ವಂಶಸ್ಥರನ್ನು ಬಿಡತಕ್ಕದ್ದು ಎಂದು ಕಾಯ್ದೆಯ ಒಳಗೇ ಬರೆದರು. ಮೂರು ಶತಮಾನ ಆ ದೇಶದ ಹತ್ತಿ, ತಂಬಾಕು, ಕಬ್ಬು ಬೆಳೆದವರು ದೇಶದ ಮೂಲವನ್ನು ಲೆಕ್ಕ ಹಾಕುವಾಗ ಇಲ್ಲದವರಾಗಿಬಿಟ್ಟರು. ಆಫ್ರಿಕದ ಪ್ರದೇಶಗಳಿಗೆ ಉಳಿದದ್ದು ತಲಾ ನೂರರ ಕನಿಷ್ಠ ಕೋಟಾ.

ಆ ಬಾಗಿಲು ತೆರೆದದ್ದು 1965ರಲ್ಲಿ, ಅದೂ ತಾನಾಗಿ ಅಲ್ಲ. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ, 1965ರ ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯ್ದೆ, ಅದೇ ಅಕ್ಟೋಬರ್ 3ರಂದು ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಬುಡದಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದ ಹೊಸ ವಲಸೆ ಕಾಯ್ದೆ. ಮೂರನ್ನೂ ಬೇರೆ ಬೇರೆಯಾಗಿ ನೋಡುವಂತಿಲ್ಲ. ಒಳಗಿನವರನ್ನು ಬಣ್ಣ ನೋಡಿ ಭೇದ ಮಾಡಬಾರದು ಎಂದ ಮೇಲೆ ಹೊರಗಿನವರನ್ನು ಮೂಲ ನೋಡಿ ತಡೆಯುವುದು ನಾಚಿಕೆಗೇಡಾಗಿತ್ತು. ಆ ನಾಚಿಕೆಯನ್ನು ಹುಟ್ಟಿಸಿದವರು ಸಮಾನ ಹಕ್ಕು ಕೇಳಿ ಅಮೆರಿಕದ ದಕ್ಷಿಣದ ಸೆಲ್ಮಾ, ಬರ್ಮಿಂಗ್‌ಹ್ಯಾಮ್‌ಗಳ ಬೀದಿಯಲ್ಲಿ ನಾಯಿ ಕಚ್ಚಿಸಿಕೊಂಡ, ಲಾಠಿ ತಿಂದ ಕಪ್ಪು ಜನ. ಈ ವಲಸೆ ಕಾಯ್ದೆಗೆ ಮೊದಲು ಇಡೀ ಭಾರತಕ್ಕೆ ಇದ್ದ ಕೋಟಾ ವರ್ಷಕ್ಕೆ 100. ಇವತ್ತು ಬೇ ಏರಿಯಾದಲ್ಲಿ, ಡಲ್ಲಾಸಿನಲ್ಲಿ, ನ್ಯೂಜೆರ್ಸಿಯಲ್ಲಿ ಕನ್ನಡ ರಾಜ್ಯೋತ್ಸವ ಮಾಡುವ ಸಂಸಾರಗಳೂ, ನಿಮ್ಮ ಮಗನೂ, ಅವನ ಪಕ್ಕದ ಮನೆಯ ಡಾಕ್ಟರ್ ದಂಪತಿಯೂ ದಾಟಿದ್ದು ಒಂದೇ ಹೊಸ್ತಿಲನ್ನು. ಇದನ್ನು ನಮ್ಮವರು ಎಷ್ಟೋ ಸಲ ಮರೆಯುತ್ತಾರೆ. ನೈಜೀರಿಯಾದ ಆ ತಾಯಿಯೂ ಅಂದು ಮರೆತಿದ್ದರು ಎಂದು ನನಗನ್ನಿಸುತ್ತದೆ.

ನಂತರ 1980ರ ನಿರಾಶ್ರಿತರ ಕಾಯ್ದೆಯಿಂದ ಇಥಿಯೋಪಿಯಾ, ಸೊಮಾಲಿಯಾಗಳವರೂ, 1990ರ ಕಾಯ್ದೆ ತಂದ ಲಾಟರಿ ವೀಸಾದಿಂದ ಘಾನಾ, ನೈಜೀರಿಯಾಗಳವರೂ ಬಂದರು. 1980ರಲ್ಲಿ ಹೊರದೇಶದಲ್ಲಿ ಹುಟ್ಟಿದ ಕಪ್ಪು ಜನ ಅಮೆರಿಕದಲ್ಲಿ ಸುಮಾರು 8 ಲಕ್ಷ ಇದ್ದರು. 2019ರ ಹೊತ್ತಿಗೆ 46 ಲಕ್ಷ. ಇವತ್ತು ಅಲ್ಲಿನ ಹತ್ತು ಕಪ್ಪು ಜನರಲ್ಲಿ ಒಬ್ಬರು ವಲಸಿಗರು. ಮಕ್ಕಳನ್ನೂ ಸೇರಿಸಿದರೆ ಐವರಲ್ಲಿ ಒಬ್ಬರು.

ಹಾಗೆಂದು ಹೊರಗಿನಿಂದ ಬಂದವರು ಕಪ್ಪು ಅಮೆರಿಕದ ಕಥೆಗೆ ಹೊಸದಾಗಿ ಸೇರಿದ ನೆಂಟರು ಎಂದುಕೊಳ್ಳಬೇಡಿ. ನ್ಯೂಯಾರ್ಕಿನಲ್ಲಿ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್, ಅದರ ನೂರು ವರ್ಷದ ಹಿಂದಿನ ದಿನಗಳನ್ನು ತೆಗೆದುಕೊಳ್ಳಿ. ಮಾರ್ಕಸ್ ಗಾರ್ವಿ 1916ರಲ್ಲಿ ಜಮೈಕಾದಿಂದ ಬಂದವರು. ಕಪ್ಪು ಜನರಿಗೆ ತಮ್ಮದೇ ಹಡಗು ಕಂಪನಿ ಬೇಕು, ತಮ್ಮದೇ ರಾಷ್ಟ್ರ ಬೇಕು ಎಂದು ಅವರು ಕಟ್ಟಿದ ಚಳವಳಿಗೆ ಲಕ್ಷಗಟ್ಟಲೆ ಜನ ಸೇರಿದರು. ಸರ್ಕಾರ ಅವರನ್ನು ಅಂಚೆ ವಂಚನೆಯ ಕೇಸಿನಲ್ಲಿ ಜೈಲಿಗೆ ಹಾಕಿ 1927ರಲ್ಲಿ ಗಡೀಪಾರು ಮಾಡಿತು. ಗಾರ್ವಿಯ ಕಡುವಿರೋಧಿ, ಕಪ್ಪು ಜನರ ಇನ್ನೊಬ್ಬ ನಾಯಕ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿದವರಾದರೂ ಅವರ ತಂದೆ ಹುಟ್ಟಿದ್ದು ಹೈಟಿಯಲ್ಲಿ. ಅದೇ ಹಾರ್ಲೆಮ್‌ನ 135ನೇ ಬೀದಿಯಲ್ಲಿ ಇವತ್ತಿಗೂ ಇರುವ ಷಾಂಬರ್ಗ್ ಸಂಗ್ರಹಕ್ಕೆ ಬುನಾದಿ ಹಾಕಿದ ಆರ್ತುರೊ ಷಾಂಬರ್ಗ್ ಪೋರ್ಟೊರಿಕೊದವರು. ಬ್ಯಾಂಕಿನಲ್ಲಿ ಗುಮಾಸ್ತಿಕೆ ಮಾಡುತ್ತಾ, ಸಂಬಳದಲ್ಲಿ ಉಳಿಸಿದ ಹಣದಲ್ಲಿ ಆಫ್ರಿಕನ್ ಸಂತತಿಯ ಪುಸ್ತಕ, ಹಸ್ತಪ್ರತಿ, ಚಿತ್ರಗಳನ್ನು ಹುಡುಕಿ ಕೂಡಿಟ್ಟರು. 1926ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ ಅದನ್ನು ಹತ್ತು ಸಾವಿರ ಡಾಲರಿಗೆ ಕೊಂಡಿತು. ನಿಮಗೆ ಚರಿತ್ರೆಯೇ ಇಲ್ಲ ಎನ್ನಿಸಿಕೊಂಡ ಜನರ ಚರಿತ್ರೆಯನ್ನು ಒಬ್ಬ ವಲಸಿಗ ಹೀಗೆ ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟ.

ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಅವರ ತಾಯಿ ಗ್ರೆನೆಡಾ ದ್ವೀಪದವರು. ಅಧ್ಯಕ್ಷ ಪದವಿಗೆ 1972ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಅಭ್ಯರ್ಥಿತನ ಕೇಳಿ ಕಣಕ್ಕಿಳಿದ ಶರ್ಲಿ ಚಿಸಮ್ ಅವರ ತಾಯಿ ಬಾರ್ಬಡೋಸ್‌ನವರು, ತಂದೆ ಬ್ರಿಟಿಷ್ ಗಯಾನಾದವರು. 1966ರ ಜೂನ್‌ನಲ್ಲಿ ಮಿಸಿಸಿಪಿಯ ಗ್ರೀನ್‌ವುಡ್‌ನಲ್ಲಿ ನಿಂತು 'ಬ್ಲ್ಯಾಕ್ ಪವರ್' ಎಂಬ ಘೋಷಣೆಯನ್ನು ಇಡೀ ದೇಶಕ್ಕೆ ಕೇಳಿಸಿದ ಸ್ಟೋಕ್ಲಿ ಕಾರ್ಮೈಕಲ್ ಟ್ರಿನಿಡಾಡ್‌ನಲ್ಲಿ ಹುಟ್ಟಿ 11ನೇ ವಯಸ್ಸಿಗೆ ಅಮೆರಿಕಕ್ಕೆ ಬಂದ ಹುಡುಗ. 'ಇಲ್ಲಿನ ಕಪ್ಪು ಜನ' ಎಂದು ನೈಜೀರಿಯಾದ ತಾಯಿ ದೂರ ಇಟ್ಟರಲ್ಲ, ಆ ಗುರುತನ್ನು ಕಟ್ಟಿದ ಕೈಗಳಲ್ಲಿ ಆಕೆಯಂಥ ಹೊರಗಿನವರ ಕೈಗಳೂ ಇದ್ದವು.

ಮತ್ತೆ ಆಕೆ ದೂರ ಇಟ್ಟದ್ದು ಯಾಕೆ? ಇದರ ಬಗ್ಗೆ ಸಮಾಜಶಾಸ್ತ್ರಜ್ಞೆ ಮೇರಿ ವಾಟರ್ಸ್ ನ್ಯೂಯಾರ್ಕಿನ ಕೆರಿಬಿಯನ್ ವಲಸಿಗರ ನಡುವೆ ಅಧ್ಯಯನ ಮಾಡಿ 1999ರಲ್ಲಿ ಪುಸ್ತಕ ಬರೆದರು. ಹೊಸದಾಗಿ ಬಂದ ತಲೆಮಾರು ತನ್ನ ದ್ವೀಪದ ಉಚ್ಚಾರಣೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಏಕೆಂದರೆ ಆ ಉಚ್ಚಾರಣೆ ಕೇಳಿದ ಬಿಳಿಯ ಯಜಮಾನ ಸ್ವಲ್ಪ ಮೆತ್ತಗಾಗುತ್ತಾನೆ, 'ಇವರು ಶ್ರಮಜೀವಿಗಳು, ಆ ಇನ್ನೊಬ್ಬರ ಹಾಗಲ್ಲ' ಎಂದುಕೊಳ್ಳುತ್ತಾನೆ. ದೂರ ನಿಂತರೆ ಮರ್ಯಾದೆ ಹೆಚ್ಚು ಎಂದು ವಲಸಿಗ ಬೇಗ ಕಲಿಯುತ್ತಾನೆ. ಮೆಟ್ಟಿಲುಗಳ ಸಮಾಜದಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮಕ್ಕಳ ಬಾಯಲ್ಲಿ ಆ ಉಚ್ಚಾರಣೆ ಇರುವುದಿಲ್ಲ. ಅಂಗಡಿಯೊಳಗೆ ಕಾಲಿಟ್ಟ ಹದಿನಾರರ ಹುಡುಗಿಯ ಹಿಂದೆ ಕಾವಲುಗಾರ ಸುಳಿದಾಡುತ್ತಾನೆ. ಅವಳ ಅಮ್ಮ ಡಾಕ್ಟರು ಎಂದು ಅವನಿಗೇನು ಗೊತ್ತು? ಶಾಲೆಯಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೂದಲು ಹೆಣೆಯುವ, ಜೊತೆಗೆ ನಗುವ ಗೆಳತಿಯರು ಯಾರು ಎಂಬುದೂ ಮುಖ್ಯ. "ನಾನಂತೂ ಹೌದು" ಎಂಬ ಮಾತಿನಲ್ಲಿ ಪೆಟ್ಟೂ ಇದೆ, ಪ್ರೀತಿಯೂ ಇದೆ.

ದೂರ ನಿಂತದ್ದರಿಂದ ರಕ್ಷಣೆ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಅಮಾಡೂ ಡಿಯಾಲೊ ಎಂಬ ಯುವಕನ ಕಥೆ ಹೇಳಬೇಕು. ಪಶ್ಚಿಮ ಆಫ್ರಿಕದ ಗಿನಿ ದೇಶದ ಕುಟುಂಬದವನು, 23 ವರ್ಷ. ಮ್ಯಾನ್‌ಹ್ಯಾಟನ್‌ನ 14ನೇ ಬೀದಿಯ ಕಾಲುದಾರಿಯಲ್ಲಿ ಕಾಲುಚೀಲ, ಕೈಗವಸು, ವಿಡಿಯೊ ಕ್ಯಾಸೆಟ್ ಮಾರುತ್ತಿದ್ದ. 1999ರ ಫೆಬ್ರುವರಿ 4ರಂದು, ನಡುರಾತ್ರಿ ಕಳೆದಿತ್ತು, ಕೆಲಸ ಮುಗಿಸಿ ಬಂದವನು ಬ್ರಾಂಕ್ಸ್‌ನ ವೀಲರ್ ಅವೆನ್ಯೂವಿನಲ್ಲಿ ತನ್ನ ಬಾಡಿಗೆ ಮನೆಯ ಬಾಗಿಲ ಬಳಿ ನಿಂತಿದ್ದ. ಸಮವಸ್ತ್ರವಿಲ್ಲದ ನಾಲ್ವರು ಪೊಲೀಸರು ಬಂದರು. ಅವರು ಹುಡುಕುತ್ತಿದ್ದದ್ದು ಬೇರೆ ಯಾರನ್ನೋ. ಅವನು ಜೇಬಿನಿಂದ ಪರ್ಸ್ ತೆಗೆದ. ಅವರಿಗೆ ಅದು ಬಂದೂಕಿನ ಹಾಗೆ ಕಂಡಿತಂತೆ. 41 ಗುಂಡು ಹಾರಿಸಿದರು, 19 ತಗುಲಿದವು. ಅವನ ಬಳಿ ಯಾವ ಆಯುಧವೂ ಇರಲಿಲ್ಲ. ಮರುವರ್ಷ ನಾಲ್ವರೂ ಖುಲಾಸೆಯಾದರು.

ಆ ಬಾಗಿಲಲ್ಲಿ ಅವನನ್ನು ಯಾರೂ ಯಾವ ದೇಶದವನಪ್ಪಾ ಎಂದು ಕೇಳಲಿಲ್ಲ. ಮುಂದಿನದನ್ನೂ ಗಮನಿಸಿ. ಅವನಿಗಾಗಿ ನ್ಯೂಯಾರ್ಕಿನ ಪೊಲೀಸ್ ಕೇಂದ್ರ ಕಚೇರಿಯ ಮುಂದೆ ದಿನವೂ ಜನ ಕೂತು ಬಂಧನಕ್ಕೊಳಗಾದರು, ಒಟ್ಟು ಸಾವಿರಕ್ಕೂ ಹೆಚ್ಚು ಮಂದಿ. ಅದರಲ್ಲಿ ಆ ನಗರದ ಮೊದಲ ಕಪ್ಪು ಮೇಯರ್ ಆಗಿದ್ದ ಡೇವಿಡ್ ಡಿಂಕಿನ್ಸ್ ಕೂಡ ಇದ್ದರು. ಗಿನಿಯ ಮುಸ್ಲಿಂ ಹುಡುಗನನ್ನು ಹಾರ್ಲೆಮ್‌ನ ಚರ್ಚುಗಳು ತಮ್ಮ ಮಗ ಎಂದವು. ಮಗಳ ಕಡೆ ನಿಲ್ಲುತ್ತೇನೆ ಎಂದೆನಲ್ಲ, ಅದಕ್ಕೆ ನನ್ನ ದೊಡ್ಡ ಕಾರಣ ಇದು.

ಇಷ್ಟು ಹೇಳಿ ನಿಲ್ಲಿಸಿದರೆ ಗುಲಾಮರ ವಂಶಸ್ಥರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವರದೂ ಒಂದು ನೋವಿದೆ, ಅದು ನ್ಯಾಯವಾದದ್ದು. 2004ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರಾದ ಲಾನಿ ಗಿನಿಯರ್ ಮತ್ತು ಹೆನ್ರಿ ಲೂಯಿಸ್ ಗೇಟ್ಸ್ ಒಂದು ಮಾತು ಎತ್ತಿದರು: ಇಲ್ಲಿ ಓದುತ್ತಿರುವ ಕಪ್ಪು ವಿದ್ಯಾರ್ಥಿಗಳಲ್ಲಿ ಬಹುಪಾಲು ಆಫ್ರಿಕ ಮತ್ತು ಕೆರಿಬಿಯನ್ ವಲಸಿಗರು, ಅವರ ಮಕ್ಕಳು, ಇಲ್ಲವೇ ಮಿಶ್ರ ದಂಪತಿಯ ಮಕ್ಕಳು. ಹಾಗಾದರೆ ಯಾರಿಗಾಗಿ ಹೋರಾಡಿ ಈ ಬಾಗಿಲು ತೆರೆಸಿದೆವೋ ಆ ಮಕ್ಕಳೆಲ್ಲಿ? ಗಿನಿಯರ್ ಅವರ ತಂದೆಯ ಮನೆತನವೇ ಜಮೈಕಾ ಮೂಲದ್ದು, ಹಾಗಾಗಿ ಅದು ಹೊಟ್ಟೆಕಿಚ್ಚಿನ ಮಾತಾಗಿರಲಿಲ್ಲ. ಅಮೆರಿಕದ ನೈಜೀರಿಯನ್ನರಲ್ಲಿ ಅರ್ಧಕ್ಕೂ ಹೆಚ್ಚು ಜನ ಪದವೀಧರರು ಎಂದು ಹೊಗಳುವಾಗ, ಸಾಗರ ದಾಟುವ ವೀಸಾ ಆಯ್ದು ತೆಗೆದದ್ದೇ ಓದಿದವರನ್ನು, ಅನುಕೂಲಸ್ಥರನ್ನು ಎಂಬುದನ್ನು ಮರೆಯಬಾರದು. ಭಾರತೀಯರ ವಿಷಯದಲ್ಲಿ ನಡೆದದ್ದೂ ಇದೇ. ಜರಡಿ ಹಿಡಿದು ಆರಿಸಿದ ಜನರನ್ನು ತೋರಿಸಿ, ನಾನೂರು ವರ್ಷ ತುಳಿಸಿಕೊಂಡವರಿಗೆ 'ಅವರಿಂದ ಆಗುವುದು ನಿಮ್ಮಿಂದ ಯಾಕಾಗದು' ಎಂದು ಕೇಳುವುದು ಕ್ರೌರ್ಯ.

ಈ ನೋವಿನಿಂದಲೇ ಇತ್ತೀಚೆಗೆ ತಮ್ಮನ್ನು ಗುಲಾಮಗಿರಿಯ ಅಮೆರಿಕನ್ ಸಂತತಿ ಎಂದು ಪ್ರತ್ಯೇಕವಾಗಿ ಕರೆದುಕೊಳ್ಳುವವರ ದನಿ ಗಟ್ಟಿಯಾಗಿದೆ. ಗುಲಾಮಗಿರಿಗೆ ಪರಿಹಾರ ಕೊಡುವ ಬಗ್ಗೆ ವಿಚಾರ ಮಾಡಲು ಕ್ಯಾಲಿಫೋರ್ನಿಯಾ ನೇಮಿಸಿದ ಸಮಿತಿ, 2022ರ ಮಾರ್ಚಿನಲ್ಲಿ ಐದಕ್ಕೆ ನಾಲ್ಕು ಮತಗಳಿಂದ ಒಂದು ತೀರ್ಮಾನಕ್ಕೆ ಬಂತು: ಪರಿಹಾರಕ್ಕೆ ಅರ್ಹರು ಗುಲಾಮರ ಅಥವಾ 19ನೇ ಶತಮಾನ ಮುಗಿಯುವ ಮುನ್ನ ಅಲ್ಲಿದ್ದ ಸ್ವತಂತ್ರ ಕಪ್ಪು ಜನರ ವಂಶಸ್ಥರು ಮಾತ್ರ. ನನಗೆ ಇದು ಸರಿ ಎನ್ನಿಸುತ್ತದೆ. ಸಾಲ ಯಾರದೋ ಅವರಿಗೇ ತೀರಬೇಕು. ಆದರೆ ಪರಿಹಾರದ ಅರ್ಜಿಗೆ ಬೇಕಾದ ವಂಶಾವಳಿಯನ್ನು ಹಿಡಿದುಕೊಂಡು, ಬದುಕಿನಲ್ಲಿ ಯಾರು ಕಪ್ಪು ಯಾರು ಅಲ್ಲ ಎಂದು ಅಳೆಯಲು ಹೊರಟರೆ ಅದು ತಪ್ಪು.

ಒಬಾಮ ವಿಷಯದಲ್ಲಿ ಆದದ್ದು ಆ ತಪ್ಪೇ. ತಂದೆ ಕೆನ್ಯಾದವರು, ತಾಯಿ ಕ್ಯಾನ್ಸಸ್‌ನ ಬಿಳಿಯ ಹೆಣ್ಣುಮಗಳು. 2004ರ ಸೆನೆಟ್ ಚುನಾವಣೆಯಲ್ಲಿ ಎದುರಾಳಿ ಅಲನ್ ಕೀಸ್, ತನ್ನ ಹಿರಿಯರು ಗುಲಾಮರಾಗಿದ್ದವರು, ಒಬಾಮರದು ಆ ಪರಂಪರೆ ಅಲ್ಲ ಎಂದರು. ಒಬಾಮ ಶಿಕಾಗೊದ ದಕ್ಷಿಣ ಭಾಗದಲ್ಲಿ ಕೆಲಸ ಮಾಡಿ, ಅಲ್ಲಿನ ಚರ್ಚಿಗೆ ಸೇರಿ, ದಕ್ಷಿಣ ಕೆರೊಲಿನಾದ ಗುಲಾಮರ ವಂಶದವರಾದ ಮಿಶೆಲ್‌ರನ್ನು ಮದುವೆಯಾಗಿ ಆ ಪರಂಪರೆಯೊಳಗೆ ನಡೆದುಹೋದವರು. ಕಮಲಾ ಹ್ಯಾರಿಸ್‌ರದು ಇನ್ನೊಂದು ಬಗೆ. ತಂದೆ ಜಮೈಕಾದವರು, ತಾಯಿ ಶ್ಯಾಮಲಾ ಗೋಪಾಲನ್ ತಮಿಳರು. ಅಮೆರಿಕ ತನ್ನ ಇಬ್ಬರು ಹೆಣ್ಣುಮಕ್ಕಳನ್ನು ಕಪ್ಪು ಹುಡುಗಿಯರಾಗಿಯೇ ನೋಡುತ್ತದೆ ಎಂದು ಆ ತಾಯಿ ಮೊದಲೇ ಅರಿತು, ಅವರನ್ನು ತಲೆಯೆತ್ತಿ ನಡೆಯುವ ಕಪ್ಪು ಹೆಣ್ಣುಮಕ್ಕಳಾಗಿ ಬೆಳೆಸಿದರೆಂದು ಕಮಲಾ ಬರೆದುಕೊಂಡಿದ್ದಾರೆ. ಕಪ್ಪು ಜನರ ಹೆಸರಾಂತ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಓದಿದ ಇವರನ್ನು, 2024ರ ಜುಲೈನಲ್ಲಿ ಶಿಕಾಗೊದ ವೇದಿಕೆಯ ಮೇಲಿಂದ ಡೊನಾಲ್ಡ್ ಟ್ರಂಪ್ ಈಗೀಗ ಕಪ್ಪು ಆದವರು ಎಂಬರ್ಥದಲ್ಲಿ ಹಂಗಿಸಿದರು. ಮದ್ರಾಸಿನಿಂದ ಬಂದ ಆ ತಾಯಿಗೆ ತಿಳಿದಿದ್ದ ಸತ್ಯ ಆ ವೇದಿಕೆಗೆ ತಿಳಿದಿರಲಿಲ್ಲ.

ಹೈಟಿಯವರ ಪಾಡು ಬೇರೆ. ಬಣ್ಣ ಮತ್ತು ವಲಸೆ, ಎರಡು ಏಟೂ ಅವರ ಮೇಲೆ ಒಟ್ಟಿಗೆ ಬೀಳುತ್ತವೆ. ಕ್ಯೂಬಾದಿಂದ ದೋಣಿ ಹತ್ತಿ ಬಂದವರನ್ನು ಅಮೆರಿಕ ದಶಕಗಳ ಕಾಲ ಸ್ವಾಗತಿಸಿತು. ಹೈಟಿಯ ದೋಣಿಗಳನ್ನು ಮಾತ್ರ 1981ರಿಂದ ಸಮುದ್ರದ ನಡುವೆಯೇ ತಡೆದು ಹಿಂದಕ್ಕೆ ಕಳಿಸಿತು. 2024ರಲ್ಲಿ ಒಹಾಯೊದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದ್ದ ಹೈಟಿಯವರು ಊರಿನವರ ಸಾಕುನಾಯಿ ತಿನ್ನುತ್ತಾರೆಂಬ ಸುಳ್ಳು ಹಬ್ಬಿ, ಬಾಂಬ್ ಬೆದರಿಕೆಗೆ ಶಾಲೆಗಳನ್ನು ಮುಚ್ಚಬೇಕಾಯಿತು.

ಇನ್ನೊಂದು ವಿಷಯ ನಿಮ್ಮ ಮಗನಿಗೂ ತಿಳಿದಿರಲಿ. ಮೇಲೆ ಹೇಳಿದ 14ನೇ ತಿದ್ದುಪಡಿ ಬರೆದದ್ದು ಬಿಡುಗಡೆಯಾದ ಗುಲಾಮರಿಗಾಗಿ. ಅಮೆರಿಕದಲ್ಲಿ ಹುಟ್ಟಿದ ವಲಸಿಗರ ಮಕ್ಕಳಿಗೂ ಅದರಿಂದಲೇ ಪೌರತ್ವ ಸಿಗುತ್ತದೆ ಎಂದು 1898ರಲ್ಲಿ ವಾಂಗ್ ಕಿಮ್ ಆರ್ಕ್ ಎಂಬ ಚೀನೀ ಮೂಲದವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2025ರ ಜನವರಿಯಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ, ಅಕ್ರಮವಾಗಿ ಬಂದವರ ಮಕ್ಕಳ ಜೊತೆಗೆ, ತಂದೆತಾಯಿ ಇಬ್ಬರೂ ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿದ್ದರೆ ಅವರ ಮಕ್ಕಳಿಗೂ ಈ ಹುಟ್ಟಿನ ಪೌರತ್ವ ಇಲ್ಲ ಎಂದಿತು. ಕೂಡಲೇ ಹಲವು ರಾಜ್ಯಗಳೂ ವಲಸಿಗರ ಪರ ಸಂಘಟನೆಗಳೂ ಕೋರ್ಟಿಗೆ ಹೋದವು, ಫೆಡರಲ್ ನ್ಯಾಯಾಧೀಶರು ಆದೇಶಕ್ಕೆ ತಡೆ ಕೊಟ್ಟರು, ವ್ಯಾಜ್ಯ ಸುಪ್ರೀಂ ಕೋರ್ಟಿನ ತನಕ ಹೋಯಿತು. ಹೀಗೆ, ಮುಂದೆ ಅಲ್ಲಿ ಹುಟ್ಟುವ ಎಷ್ಟೋ ಕನ್ನಡದ ಮಕ್ಕಳ ಪೌರತ್ವಕ್ಕೂ ವಕೀಲರು ಆಧಾರವಾಗಿ ಹಿಡಿದದ್ದು ಗುಲಾಮರ ಮಕ್ಕಳಿಗಾಗಿ 1868ರಲ್ಲಿ ಬರೆದ ಆ ತಿದ್ದುಪಡಿಯನ್ನೇ.